ಮಮ್ಮುವಿಗೆ ಸಿಕ್ಕಿದ ಇಡೀ ರಸ್ತೆ

ಜೋಡುಪಾಲದ ತಿರುವು ಇನ್ನೂ ಎದುರಿಗಿರುವಾಗಲೇ ಮುಹ್ಸಿನಾ ಬ್ರೇಕ್ ಒತ್ತಿ ಗೇರ್ ಇಳಿಸಿದಳು. ಮುಂದೆ ಟ್ಯಾಂಕರ್ ಲಾರಿಯೊಂದು ತೆವಳುತ್ತ ಘಾಟಿ ಇಳಿಯುತ್ತಿತ್ತು. ಸುಂಟಿಕೊಪ್ಪದ ಹತ್ತಿರ ರಸ್ತೆ ಕೆಲಸದಿಂದಾಗಿ ಮೊದಲೇ ತಡವಾಗಿತ್ತು. ಬೆಳಿಗ್ಗೆ ಚಾ ಕುಡಿದು ಕುರ್ಚಿಗೆ ಒರಗಿದ್ದ ಅವಳ ತಂದೆ ಮಮ್ಮು ಮತ್ತೆ ಏಳಲಿಲ್ಲವಂತೆ. ಸುದ್ದಿ ತಿಳಿದವಳೇ ಮೈಸೂರಿನಿಂದ ಹೊರಟಿದ್ದಳು.

ಫೋನಿನಲ್ಲಿ ತಮ್ಮ ಸಫೀರನ ಸ್ವರ. "ಸಂಜೆಯ ಅಸರ್ ನಮಾಝಿಗೆ ಮಸೀದಿಗೆ ಕೊಂಡು ಹೋಗುದು ಅಂತ ಆಗಿದೆ. ಎಲ್ಲಿಗೆ ಮುಟ್ಟಿದ್ದೀ?"

"ಘಾಟಿಯಲ್ಲಿದ್ದೇನೆ. ನಾನು ಮುಖ ನೋಡಬೇಕು, ಸಫೀರ್."

"ಆದಷ್ಟು ಕಾಯ್ತೇವೆ."

ಪಕ್ಕದಲ್ಲಿದ್ದ ಗಂಡ ನಿಝಾಮ್ ಲಾರಿಯ ಬಲಕ್ಕೆ ಇಣುಕಿದ. "ಎದುರು ಯಾರೂ ಇಲ್ಲ. ನಿನಗಾದರೆ ಆಗ್ತದೆ, ಓವರ್‌ಟೇಕ್ ಮಾಡು."

ಆಗುತ್ತಿತ್ತು. ರಜೆಯ ದಿನಗಳಲ್ಲಿ ಕೊಯಮತ್ತೂರಿನ ರೇಸ್ ಟ್ರ್ಯಾಕಿಗೆ ಹೋಗಿ, ತಿರುವುಗಳಲ್ಲಿ ಕಾರು ಓಡಿಸುವುದನ್ನು ಹೊಸಬರಿಗೆ ಕಲಿಸುವವಳು ಅವಳು. ಇಂಥ ಎಡ ತಿರುವನ್ನು ಅಲ್ಲಿ ಬಲ ಅಂಚಿನಿಂದ ಶುರು ಮಾಡಿ, ಎಡಗಡೆಯ ಒಳ ಅಂಚನ್ನು ಸವರಿ, ಸ್ಟೇರಿಂಗ್ ನೇರವಾದಷ್ಟೂ ವೇಗ ಕೊಡುತ್ತ ಮತ್ತೆ ಬಲಕ್ಕೆ ಬಿಡಬೇಕು. ಅವಳ ಕೈ ಒಂದು ಕ್ಷಣ ಬಲಕ್ಕೆ ಎಳೆಯಿತು.

"ಬೇಡ," ಎಂದಳು.

ತಿರುವಿನಾಚೆಯಿಂದ ಸರಕಾರಿ ಬಸ್ಸೊಂದು ಹಾರ್ನ್ ಹೊಡೆಯುತ್ತ ರಸ್ತೆಯ ಮಧ್ಯದಲ್ಲೇ ಏರಿ ಬಂತು. ನಿಝಾಮ್ ಉಸಿರು ಬಿಟ್ಟ.

*

ಅವಳು ತಂದೆಯನ್ನು ಆ ಟ್ರ್ಯಾಕಿಗೆ ಕರೆದುಕೊಂಡು ಹೋದದ್ದು ಅವರು ಜೀಪು ಮಾರಿದ ವರ್ಷ. ಕಲ್ಲುಗುಂಡಿಯಿಂದ ಗುಡ್ಡದ ಮೇಲಿನ ಮನೆಗಳಿಗೆ ಜನ, ಅಕ್ಕಿ ಮೂಟೆ, ಬಾಣಂತಿ, ಮದುಮಗಳು ಎಲ್ಲವನ್ನೂ ಸಾಗಿಸಿದ ಕೈಗೆ ಕೆಲಸವಿಲ್ಲದೆ ಅವರು ಮಂಕಾಗಿದ್ದರು.

ಬಿಳಿ ಟೊಪ್ಪಿ ತೆಗೆದು ಹೆಲ್ಮೆಟ್ ಹಾಕಿಕೊಂಡ ಮಮ್ಮು ಮೊದಲ ಸುತ್ತನ್ನು ಎಡ ಅಂಚಿಗೆ ಅಂಟಿಕೊಂಡೇ ಓಡಿಸಿದರು. ತಿರುವು ಬಂದಲ್ಲೆಲ್ಲ ಹಾರ್ನ್ ಹೊಡೆದರು. ಬದಿಯಲ್ಲಿ ನಿಂತಿದ್ದ ಹುಡುಗರು ಹೊಟ್ಟೆ ಹಿಡಿದು ನಕ್ಕರು.

"ಉಪ್ಪ, ಹಾರ್ನ್ ಬೇಡ. ಎದುರಿಂದ ಯಾರೂ ಬರುದಿಲ್ಲ."

"ಯಾರೂ?"

"ಯಾರೂ. ಎಲ್ಲರೂ ಒಂದೇ ಕಡೆಗೆ ಹೋಗುದು."

"ಹಾಗಾದರೆ ಆ ಬಲಬದಿ ಯಾರಿಗೆ?"

"ನಿಮಗೇ. ಬ್ರೇಕ್ ಎಲ್ಲ ನೇರ ಇರುವಾಗಲೇ ಮುಗಿಸಿ. ತಿರುಗುವಾಗ ಕಣ್ಣು ಬಾನೆಟಿನ ಮೇಲೆ ಬೇಡ, ಹೊರಗೆ ಬರುವ ಜಾಗದ ಮೇಲಿರಲಿ."

"ಅದು ನಾನೇ ನಿನಗೆ ಕಲಿಸಿದ್ದಲ್ವಾ?"

"ಹೌದು. ರಸ್ತೆ ಮಾತ್ರ ಹೊಸದು."

ಎರಡನೆಯ ಸುತ್ತಿನಲ್ಲಿ ಅವರು ಹೆದರುತ್ತಲೇ ಬಲಕ್ಕೆ ಸರಿದರು. ಬರಬರುತ್ತ ಕಾರು ಅಂಚಿನಿಂದ ಅಂಚಿಗೆ ಸಲೀಸಾಗಿ ಹರಿಯತೊಡಗಿತು. ಮುಹ್ಸಿನಾ ಹೇಳಿಕೊಡುವುದನ್ನು ನಿಲ್ಲಿಸಿದಳು. ಇಳಿದ ಮೇಲೆ ಅವರು ಬಹಳ ಹೊತ್ತು ಟೈರಿನ ಬಿಸಿಯನ್ನು ಮುಟ್ಟಿ ನೋಡುತ್ತ ಕೂತಿದ್ದರು.

"ಇಷ್ಟು ವರ್ಷ ಅರ್ಧ ರಸ್ತೆಯಲ್ಲೇ ಓಡಿಸಿದೆನಲ್ಲ ಮಾರಾಯ್ತಿ," ಎಂದು ಕೊನೆಗೆ ನಕ್ಕರು.

*

ಕಲ್ಲುಗುಂಡಿಯ ಮನೆಯಂಗಳದಲ್ಲಿ ಜನ ತುಂಬಿದ್ದರು. ಕಾರು ನಿಂತದ್ದೇ ಮಾಯಿಲಪ್ಪ ಗೌಡರು ಬಂದು ಬಾಗಿಲು ತೆಗೆದರು. ಸ್ಟ್ಯಾಂಡಿನಲ್ಲಿ ಮಮ್ಮುವಿನ ಜೀಪಿನ ಹಿಂದೆಯೇ ತನ್ನ ಜೀಪು ನಿಲ್ಲಿಸುತ್ತಿದ್ದ ಗೆಳೆಯ ಅವರು.

"ಬಾ ಮಗಾ. ಮಮ್ಮುವನ್ನು ಇನ್ನೂ ಎತ್ತಲಿಲ್ಲ. ನಿನ್ನ ತಮ್ಮ ಗಡಿಬಿಡಿ ಮಾಡಿದ. ಸುಮ್ಮನಿರು ಮಾರಾಯ, ಅದು ಮಮ್ಮುವಿನ ಮಗಳು, ಘಾಟಿಯಲ್ಲಿ ಹಾರಿಸಿಕೊಂಡು ಬರುವ ಜಾತಿ ಅಲ್ಲ, ಆದರೆ ಬಂದೇ ಬರ್ತದೆ ಅಂದೆ."

ಒಳಗೆ ತಾಯಿ ಜೈನಬಮ್ಮ ಮಗಳ ಕೈ ಹಿಡಿದು, "ಮೆಲ್ಲಗೆ ಬಂದೆಯಾ?" ಎಂದು ಮಾತ್ರ ಕೇಳಿದರು.

"ಮೆಲ್ಲಗೇ ಬಂದೆ ಉಮ್ಮ."

ಸಫೀರ್ ಕಫನಿನ ಬಟ್ಟೆ ಸರಿಸಿದ. ಉಪ್ಪನ ಮುಖ ಸಪ್ಪೆಯಾಗಿರಲಿಲ್ಲ, ಒಳ್ಳೆಯ ಮಾತೊಂದನ್ನು ಬಾಯಲ್ಲಿಟ್ಟುಕೊಂಡಂತಿತ್ತು. ಮುಹ್ಸಿನಾ ತಣ್ಣಗಿನ ಹಣೆಯ ಮೇಲೆ ಅಂಗೈ ಇಟ್ಟಳು. ಅಳು ಬಂತು, ತಡೆಯಲಿಲ್ಲ.

ಜಗಲಿಯಿಂದ ಮಾಯಿಲಪ್ಪರ ಮಾತು ಕೇಳುತ್ತಿತ್ತು. "ಚಾದಂಗಡಿಯಲ್ಲಿ ದಿನಾ ಅದೇ ಕತೆ. ಇಡೀ ರಸ್ತೆ ನನಗೊಬ್ಬನಿಗೇ ಬಿಟ್ಟಿದ್ರು ಅಂತ. ನಾನು ನಂಬಲೇ ಇಲ್ಲ. ಎದುರಿಂದ ವಾಹನ ಬಾರದ ರಸ್ತೆ ಎಲ್ಲಿ ಉಂಟು ಮಾರಾಯ್ರೆ?"

"ಹಾರ್ನ್ ಹೊಡೆದದ್ದು ಹೇಳ್ತಿದ್ದರಾ?" ಮುಹ್ಸಿನಾ ಬಾಗಿಲಿಗೆ ಬಂದು ಕೇಳಿದಳು.

"ಹಾರ್ನಾ? ಅದೆಂತದು?"

ಅವಳು ಹೇಳಿದಳು. ಮಾಯಿಲಪ್ಪ ಹೆಗಲ ಬೈರಾಸಿನಿಂದ ಬಾಯಿ ಮುಚ್ಚಿಕೊಂಡರೂ ನಗು ಹೊರಗೆ ಬಂತು. ಒಳಗೆ ಜೈನಬಮ್ಮನ ಹೆಗಲೂ ಕುಲುಕಿತು. "ಕಳ್ಳ," ಎಂದರು, "ನನಗೂ ಅದನ್ನು ಹೇಳಲಿಲ್ಲ."

ಅಸರ್ ಹೊತ್ತಾಯಿತು. ಮಮ್ಮುವನ್ನು ಮಲಗಿಸಿದ ಮಯ್ಯತ್ ಮಂಚವನ್ನು ಗಂಡಸರು ಹೆಗಲಿಗೇರಿಸಿದರು. ಹೆಂಗಸರು ಜಗಲಿಯಲ್ಲೇ ಉಳಿದರು. ಮುಹ್ಸಿನಾ ಕಂಬ ಹಿಡಿದು ನಿಂತು ನೋಡಿದಳು. ಅಂಗಳ ದಾಟಿದ ಮೇಲೆ ಓಣಿ ಮಸೀದಿಯ ಕಡೆಗೆ ಗಕ್ಕನೆ ಎಡಕ್ಕೆ ಹೊರಳುತ್ತದೆ. ಅಲ್ಲಿ ಒಳಬದಿಯಲ್ಲಿದ್ದ ಸಫೀರ್, ನಿಝಾಮ್ ನಿಂತಲ್ಲೇ ಎಂಬಂತೆ ಪುಟ್ಟ ಪುಟ್ಟ ಹೆಜ್ಜೆ ಇಟ್ಟರು. ಹೊರಬದಿಗೆ ಹೆಗಲು ಕೊಟ್ಟಿದ್ದ ಮಾಯಿಲಪ್ಪ ಪಂಚೆ ಎತ್ತಿ ಹಿಡಿದು, ವಯಸ್ಸು ಮರೆತು, ಉದ್ದುದ್ದ ಹೆಜ್ಜೆ ಹಾಕಿದರು. ಎದುರಿಂದ ಯಾರೂ ಬರದ ಓಣಿಯಲ್ಲಿ ಮಂಚ ಒಂದಿಷ್ಟೂ ವಾಲದೆ ತಿರುಗಿತು.