ಮಾಯಮ್ಮನ ಮನೆಗೆ ಹೋದ ತಟ್ಟೆ

ಹಾರೋಹಳ್ಳಿ ಸುತ್ತಿನ ಜಮೀನು ಕಾರ್ಖಾನೆಗಳಿಗೆ ಹೋದ ಮೇಲೆ ನಮ್ಮಲ್ಲಿಗೆ ಬ್ಯಾಂಕಿನ ಮೇಲೆ ಬ್ಯಾಂಕು ಬಂದವು. ಅಲ್ಲಿಯವರೆಗೆ ಗಿರಾಕಿಗಳನ್ನು ಗದರಿ ಕಳಿಸುತ್ತಿದ್ದ ನಾನು, ಹಳೇ ಬ್ಯಾಂಕಿನ ಮ್ಯಾನೇಜರ್, ಎದ್ದು ನಿಂತು ನಮಸ್ಕರಿಸುವುದನ್ನು ಕಲಿಯಬೇಕಾಯಿತು. ಈ ವಯಸ್ಸಿನಲ್ಲಿ ಸೊಂಟ ಬಗ್ಗುವುದು ಸುಲಭವಲ್ಲ.

ಪರಿಹಾರದ ಹಣ ಬಂದವರಲ್ಲಿ ದೊಡ್ಡ ಕುಳ ಮಾಯಮ್ಮ. ಆಕೆಯ ಠೇವಣಿ ಎದುರಿನ ಹೊಸ ಬ್ಯಾಂಕಿಗೆ ಹೋದರೆ ನನಗೆ ಬೀದರಿಗೆ ವರ್ಗ ಎಂದು ಮೇಲಿನವರು ಫೋನಿನಲ್ಲೇ ಹೇಳಿದ್ದರು. ಆ ಬ್ಯಾಂಕಿನ ಜಯಕುಮಾರ್, ಟೈ ಕಟ್ಟಿದ ವೆಲ್ತ್ ಮ್ಯಾನೇಜರ್, ಆಗಲೇ ಆಕೆಗೊಂದು ಮಿಕ್ಸಿ ಕೊಟ್ಟು ಬಂದಿದ್ದ. ನನಗೆ ಹೊಟ್ಟೆ ಉರಿಯಿತು. ಮಿಕ್ಸಿಗೆ ಸೋಲದ ಮನಸ್ಸು ಸಂಪ್ರದಾಯಕ್ಕೆ ಸೋಲುತ್ತದೆ ಎಂದುಕೊಂಡೆ.

ಯುಗಾದಿಗೆ ಮುಂಚೆ ಒಂದು ಶುಕ್ರವಾರ, ರೇಷ್ಮೆ ಸೀರೆ, ಹೂವು, ಹಣ್ಣು, ಎಲೆ ಅಡಿಕೆ, ತೆಂಗಿನಕಾಯಿ ಜೋಡಿಸಿದ ತಟ್ಟೆಯನ್ನು ಕ್ಲರ್ಕ್ ಬಾಲರಾಜುವಿನ ಕೈಗೆ ಕೊಟ್ಟು ಹೊರಟೆ. ಅವನಿಗೆ ಮೂವತ್ತಾದರೂ ಮದುವೆಯಾಗಿರಲಿಲ್ಲ. ಮಾಯಮ್ಮನಿಗೆ ಲತಾಮಣಿ ಎಂಬ ಮದುವೆಗೆ ಬಂದ ಮಗಳಿರುವುದೂ ನನಗೆ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಮಾತ್ರ ಬರಲಿಲ್ಲ.

ತಟ್ಟೆ ನೋಡಿದವಳೇ ಮಾಯಮ್ಮ ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮನನ್ನು ಕೂಗಿ ಕರೆದಳು. ಲತಾಮಣಿ ಕಾಫಿ ತಂದಳು. ಬಾಲರಾಜು ತಲೆ ತಗ್ಗಿಸಿದ.

“ಹುಡುಗ ಯಾವೂರು ಸಾಮಿ? ಯಾರ ಪೈಕಿ?” ಮಾಯಮ್ಮ ಕೇಳಿದಳು.

“ಸಾತನೂರು, ನಿಮ್ಮೋರೇ. ಕುಡಿಯಲ್ಲ, ಸೇದಲ್ಲ. ನಮ್ಮ ಬ್ಯಾಂಕಿನ ಹುಡುಗರೆಲ್ಲ ಹೀಗೇ,” ಎಂದೆ. ಅರ್ಧ ಠೇವಣಿ ಬಂದೇ ಬಿಟ್ಟಿತೆನ್ನಿಸಿತು.

“ಜಮೀನು ಐತಾ?”

“ಎರಡೆಕರೆ ಹಿಪ್ಪುನೇರಳೆ ಐತೆ ಕಣವ್ವ,” ಎಂದು ಬಾಲರಾಜುವೇ ಹೇಳಿದ. ಕಳ್ಳನಿಗೆ ಆಗಲೇ ಎಲ್ಲ ಅರ್ಥವಾಗಿತ್ತು.

ಮಾಯಮ್ಮ ತಟ್ಟೆಯನ್ನು ದೇವರ ಮುಂದಿಟ್ಟಳು. ವೆಂಕಟಲಕ್ಷ್ಮಮ್ಮ ಸಕ್ಕರೆ ಹಂಚಿದಳು. ನಾನು ಹೆಣ್ಣು ಕೇಳಲು ಬಂದಿದ್ದೇನೆ, ಅವರು ಒಪ್ಪಿದ್ದಾರೆ ಎಂದು ನನಗೆ ತಿಳಿದದ್ದು ಸಕ್ಕರೆ ಬಾಯಲ್ಲಿದ್ದಾಗ. ಗಾಬರಿಯಾಯಿತು, ಆಮೇಲೆ ಖುಷಿಯೂ ಆಯಿತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಅಳಿಯನ ಬ್ಯಾಂಕು ಬಿಟ್ಟು ದುಡ್ಡು ಇನ್ನೆಲ್ಲಿಗೆ ಹೋದೀತು?

ಲಗ್ನಪತ್ರಿಕೆ ಬರೆಸಿದ ಮಾರನೇ ದಿನ ಮಾಯಮ್ಮ ಜಯಕುಮಾರನ ಬ್ಯಾಂಕಿನ ಮೆಟ್ಟಿಲಿಳಿದು ಬರುತ್ತಿದ್ದಳು. ಅವನು ಆಕೆಗೆ ಕೊಡೆ ಹಿಡಿದಿದ್ದ. ನಾನು ರಸ್ತೆ ದಾಟಿ ಓಡಿದೆ.

“ಅಲ್ಲಾ ಮಾಯಮ್ನೋರೇ, ದುಡ್ಡು ಅಲ್ಲಿಟ್ರಾ?”

“ಇನ್ನೆಲ್ಲಿ ಮಡಗಲಿ ಸಾಮಿ? ಹೆಣ್ಣು ಕೊಟ್ಟ ಕಡೆಗೇ ದುಡ್ಡೂ ಕೊಟ್ರೆ, ಅತ್ತೆ ತಾವ ಎಷ್ಟೈತೆ ಅಂತ ಅಳೀಮಯ್ಯಂಗೆ ಗೊತ್ತಾಗೋಯ್ತದಲ್ಲ,” ಎಂದಳು. “ಮದ್ವೆಗೆ ಮಾತ್ರ ತಪ್ಪಿಸ್ಬ್ಯಾಡಿ. ಗಂಡಿನ ಕಡೆ ಹಿರೀಕರು ನೀವೇಯ.”

ತಪ್ಪಿಸಲಿಲ್ಲ. ಬೀದರಿನಿಂದ ರಜೆ ಹಾಕಿ ಬಂದೆ.