ಒಂಟಿ ಗಾಲಿ

"ಇದೇನು?" ಎಂದು ಗಂಡ ಕೇಳಿದ.

ಹೆಂಡತಿ ಅವನನ್ನು ಆಗಷ್ಟೇ ಹಾಸಿಗೆಯಿಂದ ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸಿದ್ದಳು. ಅವನ ಪಾದಗಳನ್ನು ಒಂದೊಂದಾಗಿ ಕುರ್ಚಿಯ ಕೆಳಗಿನ ಪಟ್ಟಿಯ ಮೇಲಿಡಲು ಕುಕ್ಕರಗಾಲಿನಲ್ಲಿ ಕೂತಾಗ ಅವಳ ಪೈಜಾಮದ ಕಾಲು ಮೇಲಕ್ಕೆ ಸರಿದಿತ್ತು. ಮೊಣಕಾಲಿನಿಂದ ಕೆಳಗೆ, ಮೂಳೆಯ ಉದ್ದಕ್ಕೂ, ಕಂದಿದ ಗುರುತುಗಳು.

"ಅಂಗಡೀಲಿ ಮೆಷಿನ್ನು ತಗುಲಿತು ರೀ" ಎಂದು ಅವಳು ಪೈಜಾಮ ಕೆಳಗೆಳೆದುಕೊಂಡಳು.

"ಈ ಹಳದಿ ಹಳೇದು. ಅದರ ಪಕ್ಕದ ಹಸಿರು ಹೋದ ವಾರದ್ದು. ನೇರಳೆ ನಿನ್ನೆದು." ಅವನು ಅರ್ಧ ಆಯುಷ್ಯ ಬಣ್ಣ ಬಳಿದವನು, ಬಣ್ಣದ ವಿಷಯದಲ್ಲಿ ಅವನಿಗೆ ಮೋಸ ಮಾಡುವುದು ಸಾಧ್ಯವಿರಲಿಲ್ಲ. "ಹಾಗೆ ದಿನಾ ಒದೆಯೋ ಮೆಷಿನ್ನು ಯಾವುದು ಕಣೇ ಅದು?"

ಸುಳ್ಳು ಹೇಳಿ ಪಳಗಿದ ನಾಲಿಗೆಯಾಗಿದ್ದರೆ ಇನ್ನೊಂದು ಸುಳ್ಳು ಪೋಣಿಸುತ್ತಿತ್ತು. ಅವಳು ಅವನ ಇನ್ನೊಂದು ಪಾದವನ್ನು ಎತ್ತಿ ಪಟ್ಟಿಯ ಮೇಲಿಟ್ಟಳು. ಕೊನೆಗೆ, "ಸೈಕಲ್ಲು ಕಲೀತಿದೀನಿ" ಎಂದಳು. "ಒಂದೇ ಗಾಲಿದು."

ಅವಳು ಸೀಟು ಹೊಲಿಯುವವಳು. ಬಸ್ಸಿನ ಸೀಟು, ಸೋಫಾ, ಹಲ್ಲಿನ ಡಾಕ್ಟರ ಕುರ್ಚಿ, ಹೀಗೆ ಜನ ಕೂರುವಂಥದ್ದು ಏನೇ ಹರಿದರೂ ಅವಳು ಕೆಲಸ ಮಾಡುವ ಅಂಗಡಿಗೆ ಬರುತ್ತಿತ್ತು. ಹಳೆಯ ರೆಕ್ಸಿನ್ನು ಬಿಚ್ಚಿ, ಕುಸಿದ ಸ್ಪಂಜು ತೆಗೆದು, ಹೊಸದನ್ನು ತುಂಬಿ, ಮೇಣ ಹಚ್ಚಿದ ದಾರದಲ್ಲಿ ಹೊಲಿದು ಕೊಡುವುದು. ಐವತ್ತು ದಾಟಿದ್ದರೂ ಅವಳ ತೋಳುಗಳು ಗಟ್ಟಿ. ಆ ಗಟ್ಟಿತನ ಹೊಲಿಗೆಯಿಂದ ಬಂದದ್ದಕ್ಕಿಂತ ಹೆಚ್ಚಾಗಿ ಗಂಡನಿಂದ ಬಂದದ್ದು. ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದವನು ಒಂದು ದಿನ ಕಟ್ಟಿದ್ದ ಹಲಗೆಯೊಂದಿಗೆ ಕೆಳಗೆ ಬಂದಿದ್ದ. ಜೀವ ಉಳಿಯಿತು, ಸೊಂಟದಿಂದ ಕೆಳಗೆ ಏನೂ ಉಳಿಯಲಿಲ್ಲ. ಅಂದಿನಿಂದ ಅವನನ್ನು ಎತ್ತುವುದು, ಇಳಿಸುವುದು, ಹೊರಳಿಸುವುದು, ಮೈ ಒರೆಸುವುದು ಎಲ್ಲ ಅವಳದೇ. ಅವನು ಕಿಟಕಿಯ ಬಳಿ ಕೂತು ಅಂಗಡಿಗಳಿಗೆ ಬೋರ್ಡು ಬರೆದುಕೊಡುತ್ತಿದ್ದ. ಮನೆಯಲ್ಲಿ 'ಬೀಳು' ಎಂಬ ಶಬ್ದವನ್ನು ಇಬ್ಬರೂ ಬಳಸುತ್ತಿರಲಿಲ್ಲ. ಲೋಟ ಕೈಜಾರಿದರೂ 'ಹೋಯ್ತು' ಎನ್ನುತ್ತಿದ್ದರು.

ಆ ವಿಚಿತ್ರ ಸೀಟನ್ನು ಅಂಗಡಿಗೆ ತಂದವರು ಒಬ್ಬ ಮುದುಕಿ. ನರೆತ ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದರು. ಚಿತ್ರಕಲೆಯ ಟೀಚರಾಗಿ ನಿವೃತ್ತಿಯಾದವರು. ಸೀಟು ಬಾಳೆಹಣ್ಣಿನ ಹಾಗೆ ಡೊಂಕಾಗಿತ್ತು.

"ಯಾವುದರದ್ದು ಇದು?"

"ಒಂಟಿ ಗಾಲಿ ಸೈಕಲ್ಲಿಂದು."

"ಮೊಮ್ಮಗಂದಾ?"

"ಮೊಮ್ಮಗಂದು ಯಾಕಮ್ಮ? ನಂದೇ."

ಅವಳು ನಕ್ಕಳು. ಟೀಚರು ನಗಲಿಲ್ಲ. "ಹೊಲಿಗೆ ಒಳಗಡೆ ಉಬ್ಬಬಾರದು, ತೊಡೆ ಸುಲಿಯುತ್ತೆ. ಬಾಯಲ್ಲಿ ಹೇಳಿದರೆ ನಿಂಗೆ ಗೊತ್ತಾಗಲ್ಲ. ಭಾನುವಾರ ಬೆಳಿಗ್ಗೆ ಹಳೇ ಬಸ್ ಡಿಪೋಗೆ ಬಾ. ಕೂತು ನೋಡು."

ಭಾನುವಾರ ಬೆಳಿಗ್ಗೆ ಅವಳಿಗೆ ಸಿಗುತ್ತಿದ್ದ ಏಕೈಕ ಬಿಡುವು. ಎರಡು ಬೀದಿಯಾಚೆ ಇದ್ದ ನಾದಿನಿ ಬಂದು ಅಣ್ಣನ ಹತ್ತಿರ ಕೂರುತ್ತಿದ್ದಳು, ಇವಳು ಚೀಲ ಹಿಡಿದು ಮಾರ್ಕೆಟ್ಟಿಗೆ ಹೋಗುತ್ತಿದ್ದಳು. ಆ ಭಾನುವಾರ ಚೀಲದ ತಳದಲ್ಲಿ ಸೀಟಿಟ್ಟುಕೊಂಡು ಡಿಪೋದ ಕಡೆ ತಿರುಗಿದಳು. ಕೊಟ್ಟು ಬಂದರಾಯಿತು ಎಂದುಕೊಂಡೇ ಹೋದದ್ದು.

ಬಸ್ಸುಗಳು ಬೇರೆಡೆಗೆ ಹೋಗಿ ಎಷ್ಟೋ ಕಾಲವಾಗಿತ್ತು. ತಗಡಿನ ಮಾಡು, ಸಾಲು ಕಂಬ, ಎಣ್ಣೆ ಕುಡಿದು ಕಪ್ಪಾದ ಸಿಮೆಂಟು ನೆಲ. ಅಲ್ಲಿ ಗಡಿಯಾರ ರಿಪೇರಿ ಮಾಡುವ ಬೊಕ್ಕತಲೆಯವನೊಬ್ಬ ಒಂದೇ ಗಾಲಿಯ ಮೇಲೆ, ಎರಡೂ ಕೈ ಚಾಚಿಕೊಂಡು, ಯಾರೋ ಕರೆದರೆಂದು ಹೊರಟವನ ಹಾಗೆ ಗಂಭೀರವಾಗಿ ಹೋಗುತ್ತಿದ್ದ. ಅವಳು ಬಾಯಿ ತೆರೆದು ನಿಂತಳು.

ಟೀಚರು ಸೀಟು ಜೋಡಿಸಿ, ಅವಳನ್ನು ಗೋಡೆಯ ಬದಿಯ ಕಬ್ಬಿಣದ ಕಂಬಿಯ ಪಕ್ಕಕ್ಕೆ ಕರೆದೊಯ್ದರು. "ಹತ್ತು. ಕಂಬಿ ಹಿಡ್ಕೋ. ಕೆಳಗೆ ನೋಡಬೇಡ, ದೂರ ನೋಡು."

"ಬಿದ್ದರೆ?" ಮನೆಯಲ್ಲಿ ಆಡದ ಮಾತು ಇಲ್ಲಿ ಸಲೀಸಾಗಿ ಬಾಯಿಗೆ ಬಂತು.

"ಬೀಳ್ತೀಯ. ಇದರಲ್ಲಿ ಹೋಗೋದು ಅಂದರೇನೇ ಮುಂದಕ್ಕೆ ಬೀಳ್ತಾ ಇರೋದು. ನೀನು ಬೀಳ್ತಾ ಇರಬೇಕು, ಗಾಲಿ ಓಡಿ ಬಂದು ಕೆಳಗೆ ನಿಲ್ತಾ ಇರಬೇಕು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ಗಂಡಸರು ಹೇಳ್ಕೋತಾರೆ. ನಮಗೆ ಮೀಸೆಯೇ ಇಲ್ಲ, ಆ ಚಿಂತೆನೂ ಇಲ್ಲ."

ಅವಳು ಹತ್ತಿದಳು. ಗಾಲಿ ಹಿಂದಕ್ಕೆ ಜಾರಿತು, ಪೆಡಲು ಕಣಕಾಲಿನ ಮೂಳೆಗೆ ಬಡಿಯಿತು, ಕಣ್ಣಲ್ಲಿ ನೀರು ಬಂತು. ಮತ್ತೆ ಹತ್ತಿದಳು. ಎರಡೂ ಕೈಯಲ್ಲಿ ಕಂಬಿ ಹಿಡಿದು, ಅಷ್ಟು ಚಿಕ್ಕ ಸೀಟಿನ ಮೇಲೆ ತನ್ನ ಇಡೀ ಭಾರವನ್ನು ಬಿಟ್ಟು ಕೂತಾಗ ಅವಳಿಗೆ ಏನೋ ಹೊಸದೆನಿಸಿತು. ಯೋಚಿಸಿ ನೋಡಿದರೆ ಅದು ತನ್ನದೇ ತೂಕ. ಇಷ್ಟು ವರ್ಷ ಇನ್ನೊಬ್ಬರ ತೂಕ ಹೊತ್ತೂ ಹೊತ್ತೂ ತನಗೂ ಒಂದು ತೂಕವಿದೆ ಎಂಬುದು ಅವಳಿಗೆ ಮರೆತೇ ಹೋಗಿತ್ತು.

ಆಮೇಲಿನ ಭಾನುವಾರಗಳಲ್ಲೂ ಹೋದಳು. ತರಕಾರಿಯನ್ನು ಮಾರ್ಕೆಟ್ಟು ಮುಚ್ಚುವ ಹೊತ್ತಿಗೆ, ಬಾಡಿದ್ದು ಉಳಿದಿದ್ದು ಅಂತ ನೋಡದೆ ತುಂಬಿಕೊಂಡು ಬರುತ್ತಿದ್ದಳು. ಕೆಲಸದ ದಿನಗಳಲ್ಲೂ ಊಟದ ಬಿಡುವಿನಲ್ಲಿ ಡಿಪೋಗೆ ಓಡುವಷ್ಟು ಹುಚ್ಚು ಹಿಡಿಯಿತು. ಕಾಲು ಬಣ್ಣ ಬಣ್ಣವಾದದ್ದು ಹಾಗೆ.

ಇದನ್ನೆಲ್ಲ ಕೇಳಿ ಮುಗಿಸಿದ ಗಂಡ ಮುಖವನ್ನು ಕಿಟಕಿಯ ಕಡೆ ತಿರುಗಿಸಿದ. "ಒಂದು ಮನೆಗೆ ಒಬ್ಬರು ಬಿದ್ದರೆ ಸಾಕಾಗಲ್ವಾ?" ಎಂದ.

ಕೂಗಾಡಿದ್ದರೆ ಉತ್ತರ ಕೊಡಬಹುದಿತ್ತು. ಅವನ ದನಿ ಏರಲೇ ಇಲ್ಲ. "ನಿಂಗೇನಾದರೂ ಆದರೆ ನನ್ನನ್ನ ಯಾರೇ ಎತ್ತೋದು?"

ಅವಳು ಹೋಗುವುದನ್ನು ನಿಲ್ಲಿಸಿದಳು. ಅವನು ಹೇಳಿದ್ದು ನ್ಯಾಯವಾಗಿತ್ತು, ಅದಕ್ಕೇ ನಿಲ್ಲಿಸಿದಳು. ಮಾರ್ಕೆಟ್ಟಿನಿಂದ ಮತ್ತೆ ಒಳ್ಳೆಯ ತರಕಾರಿ ಬರತೊಡಗಿತು. ಆದರೆ ಅಂಗಡಿಯಲ್ಲಿ ಹೊಲಿಯುತ್ತ ಕೂತಾಗ ಕಾಲು ತಾನಾಗಿ ಅರ್ಧ ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ ಆಡುತ್ತಿತ್ತು. ಒಂದು ಭಾನುವಾರ ತುಂಬಿದ ಚೀಲದ ಸಮೇತ ಡಿಪೋದ ಗೇಟಿನ ಮುಂದೆ ನಿಂತಿದ್ದಳು. ಟೀಚರು ಎಲ್ಲಿ ಹೋಗಿದ್ದೆ ಎಂದು ಕೇಳಲಿಲ್ಲ. ಸೈಕಲ್ಲನ್ನು ಅವಳ ಕಡೆ ವಾಲಿಸಿದರು, ಅಷ್ಟೆ.

ಅಂದು ಅವಳು ಕಂಬಿ ಬಿಟ್ಟಳು. ಬಿಡಬೇಕೆಂದು ಬಿಟ್ಟದ್ದಲ್ಲ, ಕೈ ಚಾಚಿದಾಗ ಕಂಬಿ ಹಿಂದೆ ಉಳಿದಿತ್ತು. ಒಂದು ಕಂಬ ದಾಟಿತು, ಇನ್ನೊಂದು ದಾಟಿತು. ಯಾರೋ ನಗುವುದು ಕೇಳಿಸಿತು. ನೆಲಕ್ಕೆ ಕಾಲೂರಿದ ಮೇಲೂ ನಗು ನಿಲ್ಲಲಿಲ್ಲ, ಆಗ ಅದು ತನ್ನದೇ ಎಂದು ತಿಳಿಯಿತು.

ಮನೆಯಲ್ಲಿ ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅವನ ಪಾದ ಎತ್ತಿಡುವಾಗ ಮಾತ್ರ ತನ್ನ ಪೈಜಾಮ ಸರಿಯದಂತೆ ನೋಡಿಕೊಂಡಳು. ಅವನೂ ಆಗ ಮುಖ ಕಿಟಕಿಯ ಕಡೆ ತಿರುಗಿಸುತ್ತಿದ್ದ. ಬರುಬರುತ್ತ ಅವಳು ಮಾಡಿನ ಈ ತುದಿಯಿಂದ ಆ ತುದಿಗೆ ಹೋಗಬಲ್ಲವಳಾದಳು.

ಮಾಡು ಸೋರಿ ನೆಲ ಪಾಚಿಗಟ್ಟಿದ್ದ ಜಾಗವೊಂದಿತ್ತು. ಗಾಲಿ ಅಲ್ಲಿ ಜಾರಿತು. ಮುಂದಕ್ಕೆ ಬೀಳುವುದನ್ನು ಅಷ್ಟು ಚೆನ್ನಾಗಿ ಕಲಿತಿದ್ದವಳು ಹಿಂದಕ್ಕೆ ಬಿದ್ದಳು. ಎಡ ಮಣಿಕಟ್ಟಿನಲ್ಲಿ ಒಣಕಡ್ಡಿ ಮುರಿದಂಥ ಸದ್ದಾಯಿತು.

ಪ್ಲಾಸ್ಟರು ಹಾಕಿಸಿಕೊಂಡು ಅವಳು ಒಳಗೆ ಬಂದಾಗ ಗಂಡ ಬೋರ್ಡು ಬರೆಯುತ್ತಿದ್ದ. ಕುಂಚ ತಡೆದು ಒಮ್ಮೆ ನೋಡಿದ, ಮತ್ತೆ ಬರೆಯತೊಡಗಿದ. ಮಾತೆಲ್ಲ ಆಡಿದವಳು ನಾದಿನಿ.

"ಅರವತ್ತಕ್ಕೆ ಅರಳುಮರಳು ಅಂತಾರೆ, ನಿಮಗೆ ಅಲ್ಲೀವರೆಗೂ ಕಾಯೋಕಾಗಲಿಲ್ವಾ ಅತ್ತಿಗೆ? ಸರ್ಕಸ್ಸು ಸೇರ್ತೀರಾ? ಅಣ್ಣನ ಗತಿ ಏನು ಅಂತ ಒಂದು ಸಲ ಯೋಚನೆ ಮಾಡಿದ್ರಾ?"

ಯೋಚಿಸಿದ್ದೆ, ಆದರೂ ಹೋದೆ ಎಂಬುದೇ ನಿಜವಾಗಿತ್ತು.

ಬೆಳಿಗ್ಗೆ ಸಂಜೆ ನಾದಿನಿಯ ಗಂಡ ಬಂದು ಅವನನ್ನು ಎತ್ತತೊಡಗಿದ. ಒಳ್ಳೆಯ ಮನುಷ್ಯ, ಆದರೆ ಎತ್ತುವುದೆಂದರೆ ಅವನಿಗೆ ಮೂಟೆ ಎತ್ತುವುದೇ. ಒಂದು ಬೆಳಿಗ್ಗೆ ಅವನು ಎತ್ತಿಕೊಂಡು ತಿರುಗಿದಾಗ ಗಂಡನ ಪಾದ ಬಾಗಿಲಿಗೆ ಬಡಿಯಿತು. ಎತ್ತಿದವನಿಗೆ ಕಾಣಲಿಲ್ಲ, ಎತ್ತಿಸಿಕೊಂಡವನಿಗೆ ನೋಯಲಿಲ್ಲ. ನೆಲದ ಮೇಲಿನ ರಕ್ತವನ್ನು ಕಂಡವಳು ಅವಳು. ಒಂದೇ ಕೈಯಲ್ಲಿ ಹೆಬ್ಬೆರಳಿಗೆ ಬಟ್ಟೆ ಸುತ್ತುವಾಗ ತಲೆ ಎತ್ತಿ ಅವನ ಮುಖ ನೋಡುವ ಧೈರ್ಯ ಬರಲಿಲ್ಲ.

ಅದೇ ದಿನ ಮಧ್ಯಾಹ್ನ ನಾದಿನಿ ತನ್ನ ಮನೆಗೆ ಹೋಗಿದ್ದಾಗ, ಗಾಯವಾದ್ದರಿಂದ ಮತ್ತೆ ಹಾಸಿಗೆ ಸೇರಿದ್ದ ಗಂಡ, "ಆ ಉದ್ದನೆ ಹಲಗೆ ತಾ" ಎಂದ. ಬೋರ್ಡಿಗೆಂದು ಉಜ್ಜಿ ನುಣುಪು ಮಾಡಿಟ್ಟಿದ್ದ ಹಲಗೆ. "ಒಂದು ತುದಿ ಕುರ್ಚಿ ಮೇಲಿಡು. ಇನ್ನೊಂದು ನನ್ನ ತೊಡೆ ಕೆಳಗೆ ತಳ್ಳು. ಕುರ್ಚಿ ಅಲ್ಲಾಡದ ಹಾಗೆ ಹಿಡ್ಕೋ."

ಅವನು ಅಂಗೈ ಊರಿ ಮೈಯನ್ನು ಒಂದು ಗೇಣು ಎತ್ತಿ ಸರಿದ. ನಿಂತು ಉಸಿರೆಳೆದ. ಮತ್ತೆ ಸರಿದ. ಹಣೆಯ ನರ ಉಬ್ಬಿತು, ಬೆವರು ಮೂಗಿನ ತುದಿಗೆ ಬಂತು. ನಡುವೆ ಒಮ್ಮೆ ಒಂದು ಪಕ್ಕಕ್ಕೆ ವಾಲಿದಾಗ ಅವಳು ಪ್ಲಾಸ್ಟರಿನ ಕೈಯನ್ನೇ ಮುಂದೆ ಚಾಚಿದಳು. "ಮುಟ್ಟಬೇಡ" ಎಂದ. ಕೊನೆಗೆ ದೊಪ್ಪನೆ ಕುರ್ಚಿಗೆ ಕುಸಿದು ಕಣ್ಣು ಮುಚ್ಚಿಕೊಂಡ.

"ಇದನ್ನ ಯಾವಾಗ ಕಲಿತ್ರಿ?"

"ಆಸ್ಪತ್ರೇಲೇ ಹೇಳಿಕೊಟ್ಟಿದ್ರು."

"ಮತ್ತೆ ಇಷ್ಟು ವರ್ಷ?"

"ನೀನಿದ್ದೆಯಲ್ಲ."

ಅವಳ ಎದೆಯಲ್ಲಿ ಸಿಟ್ಟು ಭುಗಿಲೆಂದಿತು. ಅದರ ಬೆನ್ನಿಗೇ, ಅವನು ತಾನಾಗಿ ಒಂದು ಲೋಟಕ್ಕೆ ಕೈ ಚಾಚಿದರೂ ತಾನೇ ಮುಂದಾಗಿ ಎತ್ತಿಕೊಟ್ಟದ್ದು ನೆನಪಾಯಿತು. ಸಿಟ್ಟನ್ನು ಯಾರ ಮೇಲೆ ಹಾಕುವುದೆಂದು ತಿಳಿಯದೆ ಹಾಸಿಗೆಯ ಅಂಚಿನಲ್ಲಿ ಕೂತಳು.

"ಬಂದೋರೆಲ್ಲ ಹೇಗೆ ಬಿದ್ದೆ ಅಂತ ಕೇಳಿದ್ರು" ಎಂದ ಅವನು, ಕಣ್ಣು ತೆರೆಯದೆ. "ಪೊಲೀಸರು ಕೇಳಿದ್ರು, ಡಾಕ್ಟರು ಕೇಳಿದ್ರು, ನೆಂಟರು ಕೇಳಿದ್ರು. ಮೇಲೆ ಹೇಗಿತ್ತು ಅಂತ ಒಬ್ಬರೂ ಕೇಳಲಿಲ್ಲ. ನೀನೂ ಕೇಳಲಿಲ್ಲ."

ಅವಳು ಕೇಳಿದಳು. "ಹೇಗಿತ್ತು?"

"ಹಕ್ಕಿಗಳ ಬೆನ್ನು ಕಾಣೋದು. ಕೆಳಗಿರೋ ಜನಕ್ಕೆಲ್ಲ ಹಕ್ಕಿ ಅಂದರೆ ಹೊಟ್ಟೆ, ಕಾಲು. ಬೆನ್ನು ನೋಡಿದೋರು ನಾವು ನಾಲ್ಕು ಜನ. ಪಾರಿವಾಳದ ಬೆನ್ನ ಮೇಲೆ ಬಿಸಿಲು ಬಿದ್ದರೆ ಒಂದು ಬಣ್ಣ ಬರುತ್ತೆ ಕಣೇ, ಅದನ್ನ ಕಲೆಸೋಕೆ ಇವತ್ತಿಗೂ ನನ್ನ ಕೈಲಾಗಿಲ್ಲ." ಕಣ್ಣು ಬಿಟ್ಟು ಕೇಳಿದ. "ನಿಂದು ಹೇಗಿರುತ್ತೆ?"

ಅವಳು ಮಾತು ಹುಡುಕಿದಳು. ಗಾಳಿ ಅನ್ನಬಹುದಿತ್ತು, ಎತ್ತರ ಅನ್ನಬಹುದಿತ್ತು. "ಯಾರೂ ನನ್ನ ಹಿಡಿದುಕೊಂಡಿರಲ್ಲ" ಎಂದಳು. "ನಾನೂ ಯಾರನ್ನೂ ಹಿಡಿದುಕೊಂಡಿರಲ್ಲ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆಡಿದ ಮಾತು, ಒಡೆದ ಮುತ್ತು. ಅವನ ಮುಖದಲ್ಲಿ ನೋವು ಹಾದುಹೋದದ್ದು ಅವಳಿಗೆ ಕಂಡಿತು. ಆದರೆ ಅವನು ನಿಧಾನವಾಗಿ ತಲೆಯಾಡಿಸಿದ, ಬಣ್ಣ ಸರಿಯಾಗಿ ಕೂಡಿ ಬಂದಾಗ ಆಡಿಸುತ್ತಿದ್ದ ಹಾಗೆ.

ನಾದಿನಿಯ ಗಂಡ ಬರುವುದು ಕ್ರಮೇಣ ನಿಂತಿತು. ಪ್ಲಾಸ್ಟರು ಬಿಚ್ಚಿದಾಗ ಕೈ ಸೊರಗಿತ್ತು, ಸೂಜಿ ಹಿಡಿದರೆ ನಡುಗುತ್ತಿತ್ತು. ಡಿಪೋದ ಮಾತನ್ನು ಅವಳು ಎತ್ತಲಿಲ್ಲ. ಹೋಗಬಾರದು ಎಂದೇನೂ ಅವಳು ತೀರ್ಮಾನಿಸಿರಲಿಲ್ಲ. ಕಾಲಿಗೇ ಅತ್ತ ಹೋಗಲು ಭಯವಾಗಿತ್ತು.

ಒಂದು ಭಾನುವಾರ ಚೀಲ ತೆಗೆದುಕೊಂಡಾಗ ಅವನು, "ನಾನೂ ಮಾರ್ಕೆಟ್ಟಿಗೆ ಬರ್ತೀನಿ" ಎಂದ.

"ಆ ನೂಕುನುಗ್ಗಲಿನಲ್ಲಿ ಕುರ್ಚಿ ಎಲ್ಲಿ ಹೋಗುತ್ತೆ ರೀ?"

"ಆ ಮಾರ್ಕೆಟ್ಟಲ್ಲ. ಬಾಡಿದ ತರಕಾರಿ ಸಿಗುತ್ತಲ್ಲ, ಅದು."

ಬೀದಿಯುದ್ದಕ್ಕೂ ಅವಳು ಕುರ್ಚಿ ತಳ್ಳಿದಳು. ರಸ್ತೆ ಕಿತ್ತುಹೋದಲ್ಲಿ ಅವನೂ ಗಾಲಿಗೆ ಕೈ ಕೊಟ್ಟ. ಡಿಪೋದಲ್ಲಿ ಟೀಚರು ಅವನಿಗೆ ನಮಸ್ಕಾರ ಹೇಳಿ, ಅವಳ ಮಣಿಕಟ್ಟನ್ನು ತಿರುಗಿಸಿ ನೋಡಿ, ಪಾಚಿ ಇದ್ದ ಜಾಗವನ್ನು ಉಜ್ಜಿ ತೊಳೆದಿದ್ದೇವೆ ಎಂದರು. ಅವಳು ಕುರ್ಚಿಯನ್ನು ನೆರಳಿನಲ್ಲಿ, ಕಂಬದ ಪಕ್ಕ ನಿಲ್ಲಿಸಿದಳು.

ಮೊದಲ ಸಲ ಹತ್ತಿದೊಡನೆ ಗಾಲಿ ಓಡಿತು, ಅವಳು ನೆಲಕ್ಕೆ ಹಾರಿ ನಿಂತಳು. ತಿರುಗಿ ನೋಡಿದಾಗ ಗಂಡ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ, ಕುರ್ಚಿಯ ಕೈ ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು. ಹೋಗೋಣವಾ ಎಂದು ಕೇಳಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಕಣ್ಣು ಬಿಟ್ಟ. "ಹೂಂ" ಎಂದ.

ಎರಡನೆಯ ಸಲ ಸೈಕಲ್ಲು ಅವಳ ಮಾತು ಕೇಳಿತು. ಕಂಬಗಳು ಒಂದೊಂದಾಗಿ ಹಿಂದೆ ಸರಿದವು. ತಗಡಿನ ತೂತುಗಳಿಂದ ಇಳಿದ ಬಿಸಿಲು ಅವಳ ಹೆಗಲ ಮೇಲೆ ಬಿದ್ದು ಬಿದ್ದು ಹೋಯಿತು. ಮಾಡಿನ ಆ ತುದಿಯಲ್ಲಿ ತಿರುಗಬೇಕು. ತಿರುಗುವುದು ಅವಳಿಗೆ ಇನ್ನೂ ಬಂದಿರಲಿಲ್ಲ. ಸೊಂಟ ತಿರುಚಿ, ಕೈ ಬೀಸಿ, ಬೇಕಾದ್ದಕ್ಕಿಂತ ಬಹಳ ದೊಡ್ಡ ಸುತ್ತು ಹಾಕಿ ಹೇಗೋ ತಿರುಗಿದಳು. ತಿರುಗಿದ್ದೇ ತಡ, ಗಾಲಿ ಕಂಬದ ಪಕ್ಕದಲ್ಲಿದ್ದ ಕುರ್ಚಿಯತ್ತ ನೇರವಾಗಿ ಬರತೊಡಗಿತು. ನಿಲ್ಲಿಸಲೂ ಆಗದು, ಓರೆ ಮಾಡಲೂ ಆಗದು. ಟೀಚರು "ದೂರ ನೋಡು" ಎಂದು ಕೂಗಿದರು.

ಅವಳು ತಲೆ ಎತ್ತಿ ದೂರ ನೋಡಿದಳು. ಗಂಡ ಎರಡೂ ಕೈಗಳನ್ನು ಗಾಲಿಗಳ ಮೇಲಿಟ್ಟು, ಅವಳ ಮುಖದಿಂದ ಕಣ್ಣು ಕೀಳದೆ, ಒಂದು ಮಾರು ಹಿಂದಕ್ಕೆ ಸರಿದು ದಾರಿ ಬಿಟ್ಟ.