ಕುರಿ ಕೊಟ್ಟರೆ ತೀರದ ತವಾಫ್

ರಾಯದುರ್ಗದ ನಮ್ಮ ಓಣಿಯಿಂದ ಹಿಂದೆ ಯಾರಾದರೂ ಹಜ್‌ಗೆ ಹೊರಟರೆ ಮನೆಮನೆಗೂ ಬಂದು, ತಪ್ಪಾಗಿದ್ದರೆ ಮಾಫ್ ಮಾಡಿ ಎನ್ನುತ್ತಿದ್ದರು. ಗುರುಬಸಮ್ಮನಂಥ ನೆರೆಯವರು ಹೂವಿನ ಹಾರ ಹಿಡಿದು ಸ್ಟೇಷನ್‌ವರೆಗೂ ಹೋಗುತ್ತಿದ್ದರು. ಆ ದಿನಗಳೇ ಚೆಂದ. ಈಗ ಮಾಫಿ ಫೋನಿನಲ್ಲೇ ಮುಗಿಯುತ್ತದೆ.

ಈ ಸಲ ಹಜ್‌ಗೆ ಹೊರಟ ನಮ್ಮ ಓಣಿಯ ಮಸ್ತಾನಮ್ಮ ಮಾತ್ರ ಮೊಣಕಾಲು ನೋವಿದ್ದರೂ ನಮ್ಮ ಮನೆ ಮೆಟ್ಟಿಲು ಹತ್ತಿ ಬಂದರು. ಜೊತೆಗೆ ಮಗ ದಾದಾಪೀರ, ಕುರಿ ವ್ಯಾಪಾರಿ. ಶಾಲೆಯಿಂದ ರಿಟೈರ್ ಆದಮೇಲೆ ನಾನು ಹಜ್‌ಗೆ ಹೋಗುವವರಿಗೆ ಪಾಠ ಹೇಳುತ್ತೇನೆ. ಹಾಗಾಗಿ ಮಾತು ಅಲ್ಲಿಗೇ ಬಂತು.

ಅರಫಾತ್ ಮೈದಾನದಿಂದ ಬಂದಮೇಲೆ ಕಾಬಾ ಸುತ್ತುವ ತವಾಫ್ ಇದೆಯಲ್ಲ, ಅಮ್ಮನಿಗೆ ಅದನ್ನು ಬಿಡಿಸುತ್ತೇನೆ ಎಂದ ದಾದಾಪೀರ. "ಅದರ ಬದ್ಲಿ ಒಂದು ಕುರಿ ಕುರ್ಬಾನಿ ಕೊಟ್ರ ಮುಗೀತಲ್ರಿ ಟೀಚರ್." ಕುರಿ ವ್ಯಾಪಾರಿಗೆ ಎಲ್ಲದಕ್ಕೂ ಕುರಿಯೇ ಮದ್ದು.

ನಾನು ಬಾಯಿ ತೆರೆಯುವ ಮೊದಲೇ ಮಸ್ತಾನಮ್ಮ ಮಾತಾಡಿದರು.

"ನಿಮ್ಮ ತಾತನೂ ಹಂಗ ಮಾಡಿದ್ನಪ. ಜ್ವರ ಬಂದಿತ್ತು, ಹಡಗು ಬಿಡೋ ದಿನ ಹತ್ರ ಬಂದಿತ್ತು. ಯಾರೋ ಹೇಳಿದ್ರು ಅಂತ ಕುರಿ ಕೊಟ್ಟು ಬಂದುಬಿಟ್ಟ. ಹಜ್ ಪೂರ್ತಿ ಆಗಿಲ್ಲ ಅಂತ ಆಮ್ಯಾಲ ತಿಳೀತು. ತಿರುಗಿ ಹೋಗಾಕ ಆಗ್ಲೇ ಇಲ್ಲ. ಊರೆಲ್ಲ ಹಾಜಿ ಸಾಬ್ ಅಂದ್ರ ಆತ ತಲಿ ತಗ್ಗಿಸ್ತಿದ್ದ, ಸಾಯೋತನಕ."

ದಾದಾಪೀರನಿಗೆ ಇದು ಗೊತ್ತೇ ಇರಲಿಲ್ಲ. ಆ ಹಾಜಿ ಸಾಬರು ನಮಗೆಲ್ಲ ಖರ್ಜೂರ ಹಂಚಿದ್ದು ಇನ್ನೂ ನೆನಪಿದೆ.

ಆಮೇಲೆ ಬಿಡಿಸಿ ಹೇಳಿದೆ. ನಮ್ಮ ಕಡೆಯ ಹನಫಿ ಪದ್ಧತಿಯಲ್ಲಿ ಹಜ್‌ಗೆ ಮೂರು ಫರ್ಜ್, ಅಂದರೆ ಬಿಡಲೇಬಾರದ ಕಡ್ಡಾಯಗಳು: ನಿಯ್ಯತ್, ಅಂದರೆ ಸಂಕಲ್ಪ ಮಾಡಿ ಇಹ್ರಾಮ್ ಎಂಬ ಹಜ್‌ನ ನಿಯಮಕ್ಕೆ ಒಳಗಾಗುವುದು, ಅರಫಾತ್ ಮೈದಾನದಲ್ಲಿ ಇರುವುದು, ಮತ್ತೆ ಇದೇ ತವಾಫ್-ಎ-ಜಿಯಾರತ್. ಅರಫಾತ್ ತಪ್ಪಿದರೆ ಆ ವರ್ಷದ ಹಜ್ಜೇ ತಪ್ಪಿತು, ಇನ್ನೊಂದು ವರ್ಷ ಮಾಡಬೇಕು. ಈ ತವಾಫ್ ಬಿಟ್ಟರೆ ತಿರುಗಿ ಹೋಗಿ ಮಾಡುವವರೆಗೂ ಹಜ್ ಪೂರ್ತಿಯಾಗದು. ಸೈತಾನನಿಗೆಂದು ಕಲ್ಲು ಹೊಡೆಯುವುದು ವಾಜಿಬ್, ಅಂದರೆ ಫರ್ಜ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಕರ್ತವ್ಯ. ಅಂಥದ್ದು ತಪ್ಪಿದರೆ ಕುರಿ ಕೊಟ್ಟು ಸರಿಪಡಿಸಬಹುದು, ಫರ್ಜ್ ತಪ್ಪಿದರೆ ಆಗದು.

"ಮತ್ತ ಅಮ್ಮ ಹೆಂಗ ಸುತ್ತಬೇಕ್ರಿ?" ದಾದಾಪೀರನ ದನಿ ಇಳಿದಿತ್ತು.

"ಅಲ್ಲಿ ಗಾಲಿಕುರ್ಚಿ ಸಿಗತೈತಪ. ನೀ ತಳ್ಳು. ಕುಂತು ಸುತ್ತಿದ್ರೂ ಆಕಿ ತವಾಫ್ ಆಗತೈತಿ," ಎಂದೆ.

ಅವನು ಎಲ್ಲವನ್ನೂ ಚೀಟಿಯಲ್ಲಿ ಬರೆಸಿಕೊಂಡು ಹೋದ. ಬಕ್ರೀದ್ ಮರುದಿನ ಮಕ್ಕಾದಿಂದ ಫೋನ್ ಮಾಡಿದ. "ಏಳೂ ಸುತ್ತು ಆತ್ರಿ ಟೀಚರ್. ಅಮ್ಮ ಕುರ್ಚಿ ಬಿಟ್ಟು ಏಳವಲ್ಲಳು. ಇನ್ನೊಂದು ಸಲ ತಳ್ಳು ಅಂತಾಳ."

ಹಜ್‌ಗೆ ಹೊರಟಿರುವ ಅಕ್ಕ ಅಣ್ಣಂದಿರೇ, ಮೂರು ಫರ್ಜ್ ಯಾವುವೆಂದು ಮನೆ ಬಿಡುವ ಮೊದಲೇ ನಿಮ್ಮ ಮೌಲ್ವಿಯನ್ನು ಕೇಳಿ ತಿಳಿದುಕೊಳ್ಳಿ. ತಿರುಗಿ ಬಂದಮೇಲೆ ಕೇಳಿದರೆ ಮಕ್ಕಾ ಬಹಳ ದೂರ.